ಮರೆಯಲ್ಲಿಟ್ಟ ಖಾನೆ

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಆಸ್ಪತ್ರೆಯ ಆಡಳಿತಾಧಿಕಾರಿ ಠಾಣೆಗೆ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿನ್ನೆ ಸಂಜೆಯಿಂದ ಲ್ಯಾಬ್ ರಿಪೋರ್ಟ್‌ಗಳು ವಾರ್ಡಿಗೆ ತಲುಪ್ತಿಲ್ಲ ಮೇಡಂ. ಡಯಾಲಿಸಿಸ್ ವಾರ್ಡಲ್ಲಿ ಒಬ್ಬ ಹೆಣ್ಣುಮಗಳಿಗೆ ಪೊಟ್ಯಾಶಿಯಂ ಏರಿತ್ತು. ಲ್ಯಾಬ್‌ನವರು ಕಳಿಸಿದೀವಿ ಅಂತಾರೆ, ವಾರ್ಡಿನವರು ಬಂದೇ ಇಲ್ಲ ಅಂತಾರೆ. ಅಷ್ಟರಲ್ಲಿ ಎದೆಬಡಿತ ತಪ್ಪಿ ಈಗ ಐಸಿಯುನಲ್ಲಿದಾಳೆ."

"ಕಂಪ್ಯೂಟರ್ ಕೆಟ್ಟಿದ್ರೆ ರಿಪೇರಿಯವರನ್ನ ಕರೀಬೇಕು. ನಮ್ಮನ್ನ ಯಾಕೆ?"

"ಕೆಟ್ಟಿಲ್ಲ ಮೇಡಂ. ರಿಪೋರ್ಟ್ ಬೇರೆ ಎಲ್ಲಿಗೋ ಹೋಗ್ತಿದೆ. ಯಾರೋ ಬೇಕಂತ್ಲೇ ತಿರುಗಿಸಿದಾರೆ."

ಎಫ್‌ಐಆರ್ ದಾಖಲಾಯಿತು. ಸರಗಳ್ಳರನ್ನೂ ಬೀಗ ಒಡೆಯುವವರನ್ನೂ ಬೆನ್ನಟ್ಟಿ ಕೂದಲು ಹಣ್ಣು ಮಾಡಿಕೊಂಡಿದ್ದ ಹೆಡ್ ಕಾನ್‌ಸ್ಟೇಬಲ್ ಜೀಪು ಹತ್ತುತ್ತಾ ಗೊಣಗಿದ. "ಒಳಗೆ ಕಾಲಿಡದೇ ಕದಿಯೋ ಕಳ್ಳನ್ನ ಎಲ್ಲಿ ಅಂತ ಹುಡುಕೋದು ಮೇಡಂ?" ಇನ್‌ಸ್ಪೆಕ್ಟರಿಗೂ ಅದೇ ದಿಗಿಲು. ಕಂಪ್ಯೂಟರಿನ ವಿಷಯದಲ್ಲಿ ತಮ್ಮ ಜ್ಞಾನ ಅಷ್ಟಕ್ಕಷ್ಟೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಐಸಿಯುವಿನ ಹೊರಗೆ ಆಕೆಯ ಗಂಡ ಹೆಂಡತಿಯ ಚಪ್ಪಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದ.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ನಮಗೆ ಯಾರು ವೈರಿಗಳಿದಾರೆ ಮೇಡಂ."

"ಅವರ ತವರಿನವರು?"

"ಅತ್ತೆ ಇಲ್ಲ. ಮಾವ ಇದಾರೆ, ಇಲ್ಲದ ಹಾಗೆ. ತನ್ನ ಕಾಯಿಲೆ ಬಗ್ಗೆ ಅಪ್ಪನಿಗೆ ಒಂದಕ್ಷರಾನೂ ಹೇಳ್ಬಾರ್ದು ಅಂತ ಆಸ್ಪತ್ರೆಯವರಿಗೆ ಬರೆದುಕೊಟ್ಟಿದಾಳೆ. ಅವರು ಕೌಂಟರಿಗೆ ಬಂದು ಬಂದು ವಾಪಸ್ ಹೋಗಿದಾರಂತೆ."

ಆ ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಇನ್‌ಸ್ಪೆಕ್ಟರ್ ಕೇಳಲಿಲ್ಲ. ಆಮೇಲೆ ಅದಕ್ಕಾಗಿ ತಮ್ಮನ್ನೇ ಬೈದುಕೊಂಡರು.

ಆಸ್ಪತ್ರೆಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದ ಕಂಪನಿ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಲ್ಲಿನ ಮುಖ್ಯಸ್ಥೆ ಪರದೆಯ ಮುಂದೆ ಕೂರಿಸಿ ಬಿಡಿಸಿ ಹೇಳಿದಳು. ಲ್ಯಾಬಿನದೊಂದು ಸಾಫ್ಟ್‌ವೇರ್, ವಾರ್ಡಿನದೊಂದು. ಎರಡರ ನಡುವೆ ಮಾಹಿತಿ ಸಾಗಿಸುವ ಕೊಂಡಿಯೇ ಕನೆಕ್ಟರ್. ಎಲ್ಲಿಗೆ ಕಳಿಸಬೇಕು, ಪಾಸ್‌ವರ್ಡ್ ಏನು, ತಲುಪಿತೆಂಬ ಉತ್ತರಕ್ಕೆ ಕಾಯಬೇಕೋ ಬೇಡವೋ, ಇವನ್ನೆಲ್ಲ ಆಸ್ಪತ್ರೆಯವರು ಒಂದೊಂದು ಖಾನೆಯಲ್ಲಿ ತುಂಬಬೇಕು. ಆ ಖಾನೆಗಳಿರುವ ಟೆಂಪ್ಲೇಟನ್ನು, ಅಂದರೆ ಸಿದ್ಧ ನಮೂನೆಯನ್ನು, ಇಲ್ಲಿ ತಯಾರಿಸುತ್ತಾರೆ. ಕೆಲವು ಖಾನೆಗಳನ್ನು ಮೊದಲೇ ತುಂಬಿ, ಯಾರೂ ಕೈಯಾಡಿಸದಂತೆ ಮರೆಮಾಡುವುದೂ ಉಂಟು.

"ಹೊಸ ಟೆಂಪ್ಲೇಟಲ್ಲಿ ಒಂದು ಮರೆ ಖಾನೆ ಜಾಸ್ತಿ ಇದೆ ಮೇಡಂ. ಪ್ರತಿ ರಿಪೋರ್ಟಿನ ನಕಲೂ ಮೊದಲು ಆ ವಿಳಾಸಕ್ಕೆ ಹೋಗ್ಬೇಕು. ಅಲ್ಲಿಂದ ಉತ್ತರ ಬಂದ್ಮೇಲೇ ವಾರ್ಡಿಗೆ."

"ಯಾರದು ಆ ವಿಳಾಸ?"

ಅವಳು ಮೂಲೆಯತ್ತ ಬೆರಳು ತೋರಿಸಿದಳು. ಎಲ್ಲರೂ ಪರೀಕ್ಷೆಗೆ ಬಳಸುತ್ತಿದ್ದ ಹಳೆಯ ಯಂತ್ರ. ಭಾನುವಾರ ಸಂಜೆ ವೈರಿಂಗ್ ಕೆಲಸದವರು ಅದನ್ನು ಆಫ್ ಮಾಡಿದ್ದರು, ಮತ್ತೆ ಆನ್ ಮಾಡಿರಲಿಲ್ಲ. ಉತ್ತರ ಕೊಡುವವರಿಲ್ಲದೆ ಇಡೀ ಆಸ್ಪತ್ರೆಯ ರಿಪೋರ್ಟ್‌ಗಳು ಕಾದು ಕೂತಿದ್ದವು.

ಯಂತ್ರವನ್ನು ಆನ್ ಮಾಡಿದ ಮೇಲೆ ರಿಪೋರ್ಟ್‌ಗಳು ಒಂದೊಂದಾಗಿ ಹೊರಟವು. ಪಂಚನಾಮೆ ಬರೆದು ಪಂಚರ ಸಹಿ ಹಾಕಿಸಿಕೊಂಡ ಹೆಡ್ ಕಾನ್‌ಸ್ಟೇಬಲ್, ಯಂತ್ರವನ್ನು ಜಪ್ತಿ ಮಾಡಲು ನೇರವಾಗಿ ಪ್ಲಗ್ಗಿಗೇ ಕೈ ಹಾಕಿದ. ಮುಖ್ಯಸ್ಥೆ ಓಡಿಬಂದು ಅವನ ಕೈ ಹಿಡಿದಳು.

"ಅದನ್ನ ಕಿತ್ರೆ ಮತ್ತೆ ಎಲ್ಲ ನಿಲ್ಲತ್ತೆ. ಇದೇ ಟೆಂಪ್ಲೇಟ್ ಇನ್ನೆರಡು ಆಸ್ಪತ್ರೆಗೂ ಹೋಗಿದೆ."

ಹೆಡ್ ಕಾನ್‌ಸ್ಟೇಬಲ್ ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಇನ್‌ಸ್ಪೆಕ್ಟರ್ ಆ ಎರಡೂ ಕಡೆಗೆ ಫೋನ್ ಮಾಡಿಸಿ, ರಿಪೋರ್ಟನ್ನು ಕೈಯಲ್ಲೇ ಹಿಡಿದುಕೊಂಡು ಓಡಿ ಎಂದು ಹೇಳಿಸಿದರು. "ಇಂಥ ಮರೆ ಖಾನೆ ಬೇರೆ ಟೆಂಪ್ಲೇಟಲ್ಲೂ ಇರಬಹುದಾ?"

"ಇರಬಹುದು. ನಾವು ಮಾಡಿರೋ ಟೆಂಪ್ಲೇಟ್‌ಗಳು ರಾಶಿ ಬಿದ್ದಿವೆ. ಎಲ್ಲಾ ತೆಗೆದು ನೋಡೋಕೆ ವಾರ ಬೇಕು. ಮಾಡಿದವರಿಗೇ ಗೊತ್ತು."

ವಾರ ಯಾರ ಹತ್ತಿರವಿತ್ತು? ಟೆಂಪ್ಲೇಟ್ ಮಾಡುವವರು ಮೂವರು, ಮೂವರಿಗೂ ಸೇರಿ ಒಂದೇ ಲಾಗಿನ್. ವಿಚಾರಣೆಯಲ್ಲಿ ಮೂವರೂ ಗೊತ್ತಿಲ್ಲವೆಂದರು. ಫೋನ್ ಗುಣುಗುಣಿಸಿದಾಗಲೆಲ್ಲ ಐಸಿಯುವಿನಿಂದ ಕೆಟ್ಟ ಸುದ್ದಿಯೇ ಇರಬೇಕೆಂದು ಇನ್‌ಸ್ಪೆಕ್ಟರ್ ಹೆದರಿಯೇ ಎತ್ತುತ್ತಿದ್ದರು. ದಿಕ್ಕು ತೋಚದೆ ಆ ಪರದೆಯನ್ನೇ ಮತ್ತೆ ಓದಿದರು. ಮರೆ ಖಾನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ವಿವರಣೆ ಇತ್ತು: 'ನಕಲು ತಲುಪಬೇಕಾದ ವಿಳಾಸ. ತಪ್ಪಿದರೆ ರಿಪೋರ್ಟ್ ಸಿಗುವುದಿಲ್ಲ. ದಯವಿಟ್ಟು ಎರಡು ಸಲ ನೋಡಿ ತುಂಬಿ.'

"ಇದು ಯಾರಿಗೆ ಬರೆದಿದ್ದು?"

"ತುಂಬೋ ಆಸ್ಪತ್ರೆಯವರಿಗೆ. ಪ್ರತಿ ಖಾನೆಗೂ ಬರೀತೀವಿ."

"ಇದು ಅವರಿಗೆ ಕಾಣೋದೇ ಇಲ್ವಲ್ಲ."

ಮುಖ್ಯಸ್ಥೆ ಹುಬ್ಬು ಗಂಟಿಕ್ಕಿದಳು. "ಹೌದಲ್ಲ. ಮರೆ ಖಾನೆಗೆ ಯಾರೂ ಬರೆಯಲ್ಲ."

ಕೈಬರಹದ ಮಾದರಿ ತೆಗೆದುಕೊಳ್ಳುವುದು ಪೊಲೀಸರಿಗೆ ಹೊಸದಲ್ಲ. ಇನ್‌ಸ್ಪೆಕ್ಟರ್ ಮೂವರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು. "ನಮ್ಮ ಠಾಣೆಗೊಂದು ಟೆಂಪ್ಲೇಟ್ ಮಾಡಿಕೊಡಿ. ದೂರು ಬಂದ ಕೂಡ್ಲೇ ನನ್ನ ಫೋನಿಗೆ ಬರಬೇಕು. ಒಂದೆರಡು ಖಾನೆ ಮರೆಯಲ್ಲಿರಲಿ."

ಇಬ್ಬರು ಮರೆ ಖಾನೆಯನ್ನು ವಿವರಣೆಯಿಲ್ಲದೆ ಬೋಳಾಗಿ ಬಿಟ್ಟಿದ್ದರು. ಮೂರನೆಯವರು ಎಲ್ಲರಿಗೂ ಕೆಲಸ ಕಲಿಸಿದ ಹಿರಿಯರು, ಕಚೇರಿಯಲ್ಲಿ ಅವರನ್ನು ಕರೆಯುತ್ತಿದ್ದದ್ದೇ ಮೇಷ್ಟ್ರು ಎಂದು. ಯಾರೂ ಓದಲಾರದ ಖಾನೆಯ ಕೆಳಗೂ ಅವರು ಬರೆದಿದ್ದರು: 'ಅಧಿಕಾರಿಯ ಫೋನ್ ಸಂಖ್ಯೆ. ದಯವಿಟ್ಟು ಎರಡು ಸಲ ನೋಡಿ ತುಂಬಿ.'

ಇನ್‌ಸ್ಪೆಕ್ಟರ್ ಬಾಗಿಲು ಹಾಕಿ ಅವರೆದುರು ಕೂತರು. "ಮೇಷ್ಟ್ರೇ, ಬೇರೆ ಎಲ್ಲಿ ಬಚ್ಚಿಟ್ಟಿದೀರಿ?"

ಮೇಷ್ಟ್ರು ತಮ್ಮ ಅಕ್ಷರಗಳನ್ನೇ ನೋಡುತ್ತಾ ಕೇಳಿದರು. "ತೊಂದರೆ ಆಗಿರೋದು ಯಾವ ವಾರ್ಡಲ್ಲಿ?"

"ಡಯಾಲಿಸಿಸ್."

"ಗಂಡಸಾ, ಹೆಂಗಸಾ?"

ಆ ಪ್ರಶ್ನೆ ಕೇಳಿದ್ದೇ ಇನ್‌ಸ್ಪೆಕ್ಟರಿಗೆ ಎಲ್ಲವೂ ಹೊಳೆದುಬಿಟ್ಟಿತು. ಕೌಂಟರಿನಿಂದ ವಾಪಸ್ ಹೋಗುತ್ತಿದ್ದ ಅಪ್ಪ ಇವರೇ. ಅಳಿಯನ ತೊಡೆಯ ಮೇಲಿದ್ದ ಚಪ್ಪಲಿಯ ಚೀಲ ಕಣ್ಣಮುಂದೆ ಬಂತು. ಇನ್‌ಸ್ಪೆಕ್ಟರ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ನಿಮ್ಮ ಮಗಳು ಐಸಿಯುನಲ್ಲಿದಾರೆ," ಎಂದರು.

ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡರು. "ಅದೊಂದೇ ಖಾನೆ, ತಾಯಿ. ಬೇರೆಲ್ಲೂ ಇಲ್ಲ, ಸತ್ಯವಾಗ್ಲೂ ಇಲ್ಲ. ಅವಳ ರಿಪೋರ್ಟಿನ ನಕಲು ಮಾತ್ರ ಬೇಕಿತ್ತು ನಂಗೆ. ಉತ್ತರ ಬರೋವರೆಗೆ ಕಾಯ್ಬೇಕಾ ಅನ್ನೋದಕ್ಕೆ ಹಳೇ ಟೆಂಪ್ಲೇಟಲ್ಲಿ 'ಹೌದು' ಅಂತ ಇತ್ತು. ಅದನ್ನ ನಕಲು ಮಾಡಿ ಇದನ್ನ ಮಾಡಿದೆ, ಬದಲಾಯಿಸ್ಲಿಲ್ಲ. ಹಳೇದನ್ನ ನಕಲು ಮಾಡಿದ್ರೆ ಒಂದೊಂದು ಖಾನೆನೂ ನೋಡ್ಬೇಕು ಅಂತ ಎಲ್ಲರಿಗೂ ಹೇಳಿಕೊಡೋನು ನಾನೇ."

"ಮಗಳನ್ನೇ ಕೇಳಬಹುದಿತ್ತಲ್ಲ?"

"ಮಾತು ಬಿಟ್ಟಿದಾಳೆ. ಕಾಲೇಜಿಗೆ ಹೋಗುವಾಗ ಅವಳ ಫೋನಿಗೆ ಬಂದಿದ್ದೆಲ್ಲ ನನಗೂ ಬರೋ ಹಾಗೆ ಮಾಡಿದ್ದೆ. ಕಾಳಜಿಗೆ. ಅವಳಿಗೆ ಗೊತ್ತಾಯ್ತು."

ಮಧ್ಯಾಹ್ನ ಮೂರು ಗಂಟೆಗೆ ಬಂಧನವಾಯಿತು. ಮೂರೂ ಆಸ್ಪತ್ರೆಗಳ ಟೆಂಪ್ಲೇಟಿನಿಂದ ಆ ಮರೆ ಖಾನೆ ತೆಗೆಸಿದ ಮೇಲಷ್ಟೇ ಇನ್‌ಸ್ಪೆಕ್ಟರ್ ನೀರು ಕುಡಿದರು. ಜೀಪಿನಲ್ಲಿ ಮೇಷ್ಟ್ರು ದಾರಿಯುದ್ದಕ್ಕೂ ಒಂದನ್ನೇ ಕೇಳಿದರು. "ಪೊಟ್ಯಾಶಿಯಂ ಈಗ ಎಷ್ಟಿದೆ?"

ಅದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಆಗಷ್ಟೇ ವೈದ್ಯರು ಫೋನ್ ಮಾಡಿ ಹೇಳಿದ್ದರು. ಹೇಳಿಬಿಡೋಣವೆಂದು ಮಾತು ಬಾಯಿಯವರೆಗೂ ಬಂತು. ಅಪ್ಪನಿಗೆ ಹೇಳಬಾರದೆಂದು ಮಗಳು ಬರೆದುಕೊಟ್ಟದ್ದೂ ನೆನಪಾಯಿತು. ಜೀಪು ನಿಲ್ಲಿಸಿ ಕೆಳಗಿಳಿದು ಅಳಿಯನಿಗೆ ಫೋನ್ ಹಚ್ಚಿ, ಮಾವ ಮಾಡಿದ್ದನ್ನು ತಿಳಿಸಿದರು.

"ಅವರಿಗೆ ಎಚ್ಚರ ಇದ್ರೆ ಒಂದು ಮಾತು ಕೇಳಿ. ನಡೆದಿದ್ದೆಲ್ಲ ಹೇಳಿ, ಆಮೇಲೆ ಕೇಳಿ. ಅಪ್ಪನಿಗೆ ರಿಪೋರ್ಟ್ ಹೇಳಬಹುದಾ ಅಂತ."

ಅಳಿಯ ಫೋನ್ ಹಿಡಿದೇ ಯಂತ್ರಗಳ ಸದ್ದಿನ ನಡುವೆ ಹೆಂಡತಿಯ ಹಾಸಿಗೆಯ ಬಳಿ ಹೋಗಿ ಕೇಳಿದ. ಆಮೇಲೆ ಅವಳ ಉತ್ತರ ತಿಳಿಸಿದ.

ಇನ್‌ಸ್ಪೆಕ್ಟರ್ ಜೀಪಿನ ಕಿಟಕಿಗೆ ಬಗ್ಗಿದರು. "ಇಳಿದಿದೆ ಮೇಷ್ಟ್ರೇ. ಅಪಾಯ ಇಲ್ಲ."

"ನಂಗೆ ಹೇಳು ಅಂದ್ಲಾ?"

"ಹೇಳಿ ಅಂದ್ರು. ಈ ಸಲ ಕದ್ದು ನೋಡದೆ ಅವರನ್ನೇ ಕೇಳಿದ್ವಲ್ಲ, ಅದಕ್ಕಂತೆ."

ಮೇಷ್ಟ್ರು ಬೇಡಿ ಹಾಕಿದ ಕೈಗಳಿಂದಲೇ ಮುಖ ಮುಚ್ಚಿಕೊಂಡರು. ಹೆಡ್ ಕಾನ್‌ಸ್ಟೇಬಲ್ ಕೆಮ್ಮಿ ರಸ್ತೆಯ ಕಡೆ ನೋಡುತ್ತಾ ಕೂತ, ಜೀಪು ಠಾಣೆಯತ್ತ ಹೊರಟಿತು.