ಎಡಗೈಯ ಮೀಟುಗೋಲು

ಬಲು ಹಿಂದೆ, ಪ್ರಾಣಿಗಳು ಇನ್ನೂ ಮಾತು ಮರೆಯದ ಕಾಲದಲ್ಲಿ, ಕೀಲಾಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಜನಿದ್ದ, ಮಂತ್ರಿಯಿದ್ದ, ಸೈನ್ಯವೂ ಇತ್ತು. ಕಷ್ಟ ಬಂದಾಗ ಅವರು ಯಾರೂ ಏನೂ ಮಾಡಲಿಲ್ಲ, ಆದ್ದರಿಂದ ಅವರನ್ನು ಇಲ್ಲಿಗೇ ಬಿಟ್ಟುಬಿಡೋಣ. ಕತೆ ಕುಲುಮೆಯ ಬೈರಾಚಾರಿ ಮತ್ತು ಅವನ ತಂಗಿ ಮಾಳಿಯದು.

ಕಷ್ಟದ ಹೆಸರು ಬಿಗಿಮುಷ್ಟಿ. ಅವನೊಬ್ಬ ಮಾಂತ್ರಿಕ. ಯಾವುದರ ಮೇಲಾದರೂ ಅಂಗೈ ಒತ್ತಿ ಮುಷ್ಟಿ ಕಟ್ಟಿದನೆಂದರೆ ಮುಗಿಯಿತು, ಅದು ಬೆಸೆದುಕೊಂಡುಬಿಡುತ್ತಿತ್ತು. ಕಣಜದ ಬಾಗಿಲು, ಬಾವಿಯ ಮುಚ್ಚಳ, ಕೊನೆಗೆ ಮಕ್ಕಳ ಹಾಲಿನ ಗಡಿಗೆಯನ್ನೂ ಬಿಟ್ಟವನಲ್ಲ. ಆ ಬೆಸುಗೆ ಬಿಡಿಸಲು ಆಗುತ್ತಿದ್ದದ್ದು ಒಂದರಿಂದಲೇ, ಬೈರಾಚಾರಿಯ ಕುಲುಮೆಯ ಮೀಟುಗೋಲಿನಿಂದ.

ಮೀಟುಗೋಲು ಅಂದರೆ ಏನೋ ಮಹಾ ಆಯುಧ ಅಂದುಕೊಳ್ಳಬೇಡಿ. ಸವೆದ ಲಾಳ, ಮುರಿದ ನೇಗಿಲ ಗುಳ ಕಾಯಿಸಿ ಬಡಿದ, ಗೇಣಿಗೂ ಕಡಿಮೆ ಉದ್ದದ ಕಬ್ಬಿಣದ ಪಟ್ಟಿ. ಒಂದು ತುದಿ ಚಪ್ಪಟೆ. ಒಂದು ಸೇರು ರಾಗಿ ಕೊಟ್ಟರೆ ಸಿಗುವ ಅಗ್ಗದ ಸಾಮಾನು. ಅಣ್ಣ ಬಡಿದದ್ದೆಲ್ಲ ಒಂದೇ ಥರ, ಒರಟೊರಟು. ಅದಕ್ಕೆ ಗುಣ ಬರುತ್ತಿದ್ದದ್ದು ಮಾಳಿ ಕಬ್ಬಿಣ ಉಜ್ಜುವ ಅರದ ಕೆಳಗೆ. ಬಂದವರ ಅಂಗೈಯನ್ನು ಅವಳು ದಾರದಲ್ಲಿ ಅಳೆಯುತ್ತಿದ್ದಳು. ಇದು ಯಾರ ಕೈಗೆ, ಏನನ್ನು ತೆರೆಯುತ್ತೀರಿ, ಎಲ್ಲಿ ಸಿಕ್ಕಿಸಿಕೊಳ್ಳುತ್ತೀರಿ ಅಂತ ಕೇಳುತ್ತಿದ್ದಳು. ಎಣ್ಣೆ ಮಾರುವವಳಿಗೆ ತುದಿಯನ್ನು ತುಸು ಬಾಗಿಸಿ, ಕೈ ನಡುಗುವ ಮುದುಕನಿಗೆ ಹಿಡಿಗೆ ನೂಲು ಸುತ್ತಿ, ಉಡಿದಾರಕ್ಕೆ ಕಟ್ಟಿಕೊಳ್ಳುವವರಿಗೆ ತೂತು ಕೊರೆದು ಕೊಡುತ್ತಿದ್ದಳು. ಇದಕ್ಕೆ ಅವರು 'ಕೈ ಕೇಳುವುದು' ಅನ್ನುತ್ತಿದ್ದರು. ಹೀಗೆ ಕೈ ಕೇಳಿ ಮಾಡಿದ ಗೋಲು ಮಾತ್ರ ಮಾಂತ್ರಿಕನ ಬೆಸುಗೆ ಬಿಡಿಸುತ್ತಿತ್ತು, ಅದೂ ಯಾರ ಕೈಗೆ ಮಾಡಿದ್ದೋ ಅವರ ಕೈಯಲ್ಲಿದ್ದಾಗ. ಊರಿನವರೆಲ್ಲರ ಕೈ ಅಳೆದ ಮಾಳಿಯ ಕೈಯನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಅವಳಿಗೂ ಅದು ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಬಿಗಿಮುಷ್ಟಿ ಸುಂಟರಗಾಳಿಯ ಮೇಲೆ ಕೂತು ಬಂದ. ಜನರ ಸೊಂಟದಲ್ಲಿದ್ದ ಮೀಟುಗೋಲುಗಳೆಲ್ಲ ಅವನು ಊದಿದ್ದಕ್ಕೆ ನೀರಾಗಿ ಕಾಲಿನ ಮೇಲೆ ಸುರಿದವು. ಬೈರಾಚಾರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು, ಇವನನ್ನು ಕಣಿವೆಯಾಚೆಯ ಕಲ್ಲುಗೂಡಿನಲ್ಲಿ ಬೆಸೆದಿಡುತ್ತೇನೆ, ಹೊತ್ತು ಮುಳುಗುವಷ್ಟರಲ್ಲಿ ಇವನೂ ಕಲ್ಲಾಗುತ್ತಾನೆ ಅಂತ ಸಾರಿ ಹೋದ. ಉಳಿದದ್ದು ಒಂದೇ ಗೋಲು. ಬೈರಾಚಾರಿ ಎಡಚ; ಅವನ ಸ್ವಂತ ಗೋಲಿಗೆ ಎಡಗೈ ಹೆಬ್ಬೆರಳು ಕೂರುವಷ್ಟು ಗುಳಿ ಮಾಡಿ, ಹಿಡಿಗೆ ನೂಲು ಸುತ್ತಿ, ಮಾಳಿ ತುದಿ ಉಜ್ಜುತ್ತಿದ್ದಳು; ಮಾಂತ್ರಿಕ ಊದುವಾಗ ಅದನ್ನು ಮಡಿಲಲ್ಲಿ ಬಚ್ಚಿಟ್ಟಿದ್ದಳು.

ಅದು ತನ್ನ ಕೈಯಲ್ಲಿ ಬೆಸುಗೆ ಬಿಡಿಸದು ಅಂತ ಅವಳಿಗೆ ಗೊತ್ತಿತ್ತು. ಅಲ್ಲಿ ಹೋಗಿ ತನ್ನ ಕೈಗೆ ತಿದ್ದಿಕೊಂಡರಾಯಿತು ಅಂದುಕೊಂಡು, ಅರವನ್ನು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ತಾಯಿ ತಂದೆ ಇಲ್ಲದ ಅವಳಿಗೆ ಅಣ್ಣನೇ ಎಲ್ಲ.

ಕಣಿವೆಯ ಬಾಯಲ್ಲಿ ಕಬ್ಬಿಣದ ಆಮೆ ದಾರಿಗಡ್ಡ ಕೂತಿತ್ತು. ಅದರ ಚಿಪ್ಪಿನ ಸಂದಿಗೆ ಮಾಂತ್ರಿಕ ಒಂದು ಮೊಳೆ ಹೊಡೆದಿದ್ದ, ಬೆಸುಗೆಯಲ್ಲ, ಬರೀ ಮೊಳೆ. ಮೊಳೆ ಕಿತ್ತರೆ ಸರಿಯುತ್ತೇನೆ, ಇಲ್ಲವಾದರೆ ನೂರು ವರ್ಷ ಇಲ್ಲೇ, ಅಂತು ಆಮೆ. ಗೋಲು ಸಂದಿಗೆ ಹೋಗಲಿಲ್ಲ, ದಪ್ಪವಾಗಿತ್ತು. ಮಾಳಿ ಬಂಡೆಗೆ ಹಾಕಿ ಗಸಗಸ ಉಜ್ಜಿದಳು. ಗೋಲು ಅರ್ಧ ತೆಳ್ಳಗಾಯಿತು, ಅಂಗೈ ಸುಲಿಯಿತು. ಮೊಳೆ ಬಂತು, ಆಮೆ ಸರಿಯಿತು. ಹೊತ್ತು ನೆತ್ತಿಗೇರಿತ್ತು.

ಕಾಡಿನ ನಡುವೆ ನೀಲಿ ಹುಲಿ. ಅದರ ಬಾಯಿಗೆ ಕಬ್ಬಿಣದ ಕುಕ್ಕೆ ಹಾಕಿ, ಮಾಂತ್ರಿಕ ಕೊಂಡಿಯನ್ನು ದವಡೆಯ ಕೆಳಗೆ ಬಡಿದಿದ್ದ, ಅದೂ ಬೆಸುಗೆಯಲ್ಲ. ಹುಲಿ ಪಂಜ ಎತ್ತಿ, ಬಿಡಿಸು, ಅಂತು. ಬಿಡಿಸಿದರೆ ನೀನು ನನ್ನನ್ನು ತಿನ್ನುತ್ತೀ, ಅಂದಳು ಮಾಳಿ.

"ಮೊದಲು ನೀರು ಕುಡಿಯುತ್ತೇನೆ. ಆಮೇಲಿನದು ಆಮೇಲೆ. ಆದರೆ ಒಂದು ಹನಿ ರಕ್ತ ಬಂದರೂ ನೀರಿಗೆ ಕಾಯುವುದಿಲ್ಲ."

ಗೋಲಿನ ಅಂಚು ಈಗ ಚೂಪಾಗಿತ್ತು. ಹುಲಿಯ ಉಸಿರು ಮುಖಕ್ಕೆ ಬಡಿಯುತ್ತಿರುವಾಗಲೇ ಅವಳು ಅರ ತೆಗೆದು ನಾಲ್ಕೂ ಅಂಚನ್ನು ಗುಂಡಗೆ ಮಾಡಿದಳು. ಗೋಲು ಇನ್ನೂ ಕಿರಿದಾಯಿತು. ಕೊಂಡಿಯ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು, ಎಳ್ಳಷ್ಟು ಎಳ್ಳಷ್ಟೇ ಮೀಟಿದಳು. ಕುಕ್ಕೆ ಕಳಚಿ ಬಿತ್ತು, ರಕ್ತ ಬರಲಿಲ್ಲ. ಹುಲಿ ಅವಳನ್ನು ಒಂದು ಗಳಿಗೆ ನೋಡಿ, ನೀರಿಗೆ ಹೋಯಿತು. ಅದು ತಿರುಗಿ ಬರುವುದನ್ನು ಕಾಯುವಷ್ಟು ಪೆದ್ದಿ ಅಲ್ಲ ನಮ್ಮ ಮಾಳಿ.

ಕಲ್ಲುಗೂಡು ಸಿಕ್ಕಾಗ ಬಿಸಿಲು ಕೆಂಪಾಗಿತ್ತು. ಕರಿಕಲ್ಲಿನ ದುಂಡು ಗೂಡು. ಕದವನ್ನು ಬೆಸೆದ ಗೆರೆ, ಅದರ ಪಕ್ಕ ಗಾಳಿಗೆ ಬಿಟ್ಟ ಒಂದು ಸೀಳು, ಅಷ್ಟೇ. ಗೂಡಿನ ಮೇಲೆ ಬಿಗಿಮುಷ್ಟಿ ಕಾಲು ಇಳಿಬಿಟ್ಟು ಕೂತಿದ್ದ.

"ಬಾ ತಾಯಿ, ಮೀಟು," ಅಂದ. "ಹೊರಗಿನಿಂದ ಮೀಟಿದ ಕೈ ಕಲ್ಲಾಗುತ್ತದೆ. ನಾನು ತಡೆಯುವುದೂ ಇಲ್ಲ."

ಹೊತ್ತಿಲ್ಲದ್ದಕ್ಕೆ ಮಾಳಿ ತಿದ್ದದೆಯೇ ಬೆಸುಗೆಗೆ ಗೋಲು ಇಟ್ಟು ಒತ್ತಿದಳು. ಕಿರುಬೆರಳು ಕಲ್ಲಾಯಿತು. ಮತ್ತೆ ಒತ್ತಿದಳು, ಉಂಗುರದ ಬೆರಳೂ ಕಲ್ಲಾಯಿತು. ಗೋಲು ಜಾರುತ್ತಿತ್ತು, ಅದು ಅವಳ ಕೈಯದಲ್ಲ. ಎಡಗೈಯ ಗುಳಿ ಉಜ್ಜಿಹಾಕಿ ತನ್ನ ಬಲಗೈಗೊಂದು ಗುಳಿ ಮಾಡಿಕೊಳ್ಳಬೇಕು, ಬೇರೆ ದಾರಿಯಿಲ್ಲ ಅಂತ ಅರವನ್ನು ಆ ಗುಳಿಯ ಮೇಲೆ ಇಟ್ಟಳು. ಇಟ್ಟವಳು ನಿಂತಳು. ಕೊಳ್ಳಲು ಬಂದ ಸಾವಿರ ಜನರನ್ನು ಕೇಳಿದ ಮಾತನ್ನು ತನ್ನನ್ನೇ ಕೇಳಿಕೊಂಡಳು. ಇದು ಯಾರ ಕೈಗೆ?

ಅವಳು ಹಿಡಿಗೆ ಸುತ್ತಿದ್ದ ನೂಲನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಆಮೆ ತೆಳ್ಳಗೆ ಮಾಡಿಸಿದ್ದ, ಹುಲಿ ಗುಂಡಗೆ ಮಾಡಿಸಿದ್ದ ಆ ಬಡಕಲು ಗೋಲನ್ನು ಸೀಳಿಗೆ ಇಟ್ಟಳು. ಕೂದಲಷ್ಟು ಸಡಿಲವಾಗಿ ಅದು ಒಳಗೆ ಜಾರಿತು.

"ಅಣ್ಣಾ, ನಿನ್ನ ಗೋಲು. ಎಡಗೈಯಲ್ಲಿ ಹಿಡಿ."

ಹೊತ್ತು ಗುಡ್ಡದ ಅಂಚಿಗೆ ತಾಗಿತು. ಬಿಗಿಮುಷ್ಟಿ ಧಡಕ್ಕನೆ ಕೆಳಗೆ ಹಾರಿ ಸೀಳಿಗೆ ಅಂಗೈ ಒತ್ತಲು ಬಂದ. ಒಳಗಿನಿಂದ ಮೀಟುವುದಕ್ಕೆ ಅವನು ಮಂತ್ರ ಹಾಕಿರಲಿಲ್ಲ. ಒಳಗೆ ಸಿಕ್ಕಿಬಿದ್ದವನ ಹತ್ತಿರ ಗೋಲು ಇರುತ್ತದೆ ಅಂತ ಅವನ ತಲೆಗೇ ಹೋಗಿರಲಿಲ್ಲ. ಮಾಳಿ ಕಲ್ಲಾದ ಬೆರಳುಗಳನ್ನೇ ಸೀಳಿಗೆ ಅಡ್ಡ ಇಟ್ಟಳು. ಅವನು ತಳ್ಳಿದ, ಅವಳು ಕದಲಲಿಲ್ಲ.

ಒಳಗೆ ಕಿರ್ ಅಂತು. ಆಮೇಲೆ ಟಕ್ ಅಂತು.

ಕದ ಬಿಚ್ಚಿಕೊಂಡಿತು. ಒಳಗಿನಿಂದ ಬಿಚ್ಚಿದ ಬೆಸುಗೆ ಅದನ್ನು ಕಟ್ಟಿದ ಮುಷ್ಟಿಯನ್ನೂ ಬಿಚ್ಚುತ್ತದೆ; ಜೊತೆಗೇ ಬಿಗಿಮುಷ್ಟಿಯ ಎರಡು ಕೈಯೂ ಬಾಳೆ ಎಲೆಯ ಹಾಗೆ ಬಿಚ್ಚಿಕೊಂಡವು, ಮತ್ತೆ ಮುಚ್ಚಲಿಲ್ಲ. ಅವನು ಮಾಡಿದ ಬೆಸುಗೆಯೆಲ್ಲ ಅದೇ ಗಳಿಗೆಯಲ್ಲಿ ಬಿಟ್ಟುಹೋಯಿತು. ಕೀಲಾಪುರದ ಕಣಜಗಳು ತೆರೆದವು, ಬಾವಿಗಳು ತೆರೆದವು, ಮಾಳಿಯ ಕಲ್ಲಾದ ಬೆರಳುಗಳಲ್ಲಿ ಮತ್ತೆ ರಕ್ತ ಹರಿಯಿತು. ಮೊಣಕಾಲಿನವರೆಗೆ ಕಲ್ಲಾಗಿದ್ದ ಬೈರಾಚಾರಿ ಕುಂಟುತ್ತ ಹೊರಗೆ ಬಂದ. ಇಬ್ಬರೂ ತಬ್ಬಿಕೊಂಡು ಅತ್ತರು.

ಆಮೇಲೆ ಎಲ್ಲರೂ ಚೆನ್ನಾಗಿದ್ದರು. ಹುಲಿ ಚೆನ್ನಾಗಿತ್ತು, ಆಮೆ ಚೆನ್ನಾಗಿತ್ತು. ಬಿಗಿಮುಷ್ಟಿಗೆ ತುತ್ತು ಕಟ್ಟಲೂ ಬರುತ್ತಿರಲಿಲ್ಲ, ಅವನಿಂದ ಉಪವಾಸ ಬಿದ್ದಿದ್ದ ಜನವೇ ಸರದಿಯಲ್ಲಿ ತಿನ್ನಿಸಿದರು. ಬೈಯುತ್ತ ತಿನ್ನಿಸಿದರು, ಆದರೆ ಹೊಟ್ಟೆ ತುಂಬ ತಿನ್ನಿಸಿದರು.

ಊರಿಗೆ ಬಂದ ಮರುದಿನ ಬೈರಾಚಾರಿ ಒಂದು ಹೊಸ ಗೋಲು ಬಡಿದ. ಅರ ಹಿಡಿದು ತಂಗಿಯ ಜಾಗದಲ್ಲಿ ತಾನು ಕೂತ. ಅವಳನ್ನು ಎದುರಿಗೆ ಕೂರಿಸಿ, ದಾರ ಬಿಚ್ಚಿದ.

"ಎಲ್ಲಿ ತಂಗೀ, ಕೈ ಕೊಡು," ಅಂದ. "ಏನನ್ನು ತೆರೆಯುತ್ತೀ, ಹೇಳು."