ಗಣಿತದ ಮಿಸ್ ಕಾರು

"ಮತ್ತೆ ಕುದೀತು," ಎನ್ನುತ್ತಾ ಗಣಿತದ ಮಿಸ್ ಅರ್ಧ ಪೀರಿಯಡ್ ಕಳೆದ ಮೇಲೆ ಕ್ಲಾಸಿಗೆ ಬಂದರು. "ಸಿಗ್ನಲ್‌ನಲ್ಲಿ ನಿಂತ್ರೆ ಸಾಕು, ಬಾನೆಟ್ಟಿಂದ ಹಬೆ."

ಹಿಂದಿನ ಬೆಂಚಿನ ಗುಂಡ ಚೂಟಿಯ ಜಡೆ ಎಳೆದ. "ಯಾರ ರಿಪೇರಿ ಅಂತ ಹೇಳ್ಲಾ?"

ಹೇಳುವುದೇನು ಬಂತು, ಇಡೀ ಕ್ಲಾಸಿಗೆ ಗೊತ್ತಿತ್ತು. ಗ್ಯಾರೇಜು ಚೂಟಿಯ ಅಮ್ಮನದು. ಕಾರು ಮೂರು ಸಲ ಅಲ್ಲಿಗೆ ಹೋಗಿ ಬಂದಿತ್ತು. ನಾಚಿಕೆಯಾಗಿ ಚೂಟಿ ತಲೆ ತಗ್ಗಿಸಿ ಭಾಗಾಕಾರ ಮಾಡಿದಳು. ಅದೂ ತಪ್ಪಾಯಿತು.

"ಸಂಜೆ ಬರ್ತೀನಿ ಅಂತ ಅಮ್ಮಂಗೆ ಹೇಳು," ಎಂದರು ಮಿಸ್. "ಇದೇ ಕೊನೆ. ಸರಿಹೋಗ್ಲಿಲ್ಲ ಅಂದ್ರೆ ಬೇರೆ ಕಡೆ ಕೊಡ್ತೀನಿ."

ಸಂಜೆ ಮಿಸ್ ಗ್ಯಾರೇಜಿನ ಸ್ಟೂಲ್ ಮೇಲೆ ಕೂತು ಟೆಸ್ಟ್ ಪೇಪರ್ ತಿದ್ದತೊಡಗಿದರು. ಅಮ್ಮ ಇಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿದಳು.

"ನೀರು ಸೋರ್ತಿಲ್ಲ. ರೇಡಿಯೇಟರ್ ತೊಳೆದಾಯ್ತು. ಥರ್ಮೋಸ್ಟಾಟ್ ಹೊಸದು. ಫ್ಯಾನ್ ಮೋಟಾರೂ ಹೊಸದು, ನಾನೇ ಹಾಕಿದ್ದು." ಒಂದೊಂದಕ್ಕೂ ಒಂದು ಬೆರಳು ಮಡಿಸಿದಳು. ಹೆಬ್ಬೆರಳಿಗೆ ಏನೂ ಸಿಗಲಿಲ್ಲ. ಅಮ್ಮನಿಗೇ ತೋಚುತ್ತಿಲ್ಲ ಎಂದು ಗೊತ್ತಾಗಿ ಚೂಟಿಗೆ ಭಯವಾಯಿತು.

ಸ್ವಲ್ಪ ಹೊತ್ತಿಗೆ ಇಂಜಿನ್ ಕಾದಿತು. ಫ್ಯಾನ್ ಗುಂಯ್ ಎಂದಿತು.

"ಚೆನ್ನಾಗೇ ತಿರುಗ್ತಿದೆಯಲ್ಲ," ಎಂದಳು ಅಮ್ಮ.

"ಇಲ್ಲಿ ನಿಲ್ಲಕ್ಕಾಗಲ್ಲಮ್ಮ. ಕಾಲಿಗೆಲ್ಲ ಬಿಸಿ ಗಾಳಿ ಹೊಡೀತಿದೆ." ಕಾರಿನ ಮುಂದೆ ನಿಂತಿದ್ದ ಚೂಟಿ ಪಕ್ಕಕ್ಕೆ ಸರಿದಳು.

"ಗಾಳಿ ಮುಂದಕ್ಕೆ ಬರ್ತಿದೆಯಾ?"

ಅಮ್ಮ ಮಿಸ್ ಹತ್ತಿರ ಒಂದು ಪೇಪರ್ ಇಸಿದುಕೊಂಡು ಗ್ರಿಲ್‌ಗೆ ಹಿಡಿದಳು. "ಫ್ಯಾನ್ ಹೊರಗಿನ ಗಾಳಿನ ಒಳಗೆ ಎಳೀಬೇಕು. ಪೇಪರ್ ಅಂಟ್ಕೋಬೇಕು," ಎಂದು ಕೈ ಬಿಟ್ಟಳು.

ಪೇಪರ್ ಹಾರಿ ಚೂಟಿಯ ಕಾಲ ಬಳಿ ಬಿತ್ತು. ಗುಂಡನದು, ಹತ್ತಕ್ಕೆ ಎರಡು.

ಅಮ್ಮ ಇಂಜಿನ್ ಆಫ್ ಮಾಡಿ ಫ್ಯಾನಿನ ವೈರುಗಳನ್ನು ನೋಡಿದಳು. "ಹೊಸ ಮೋಟಾರಿನ ಪ್ಲಗ್ ಕೂರ್ಲಿಲ್ಲ. ಕತ್ತರಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸ್ದೆ. ಈ ಹೊಸದ್ರಲ್ಲಿ ಬಣ್ಣ ಅದಲುಬದಲು ಇದೆ ಕಣೇ."

ಚೂಟಿ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ಮೋಟಾರೇ ಕೆಟ್ಟಿತ್ತು ಅಂತ ಹೇಳಮ್ಮ. ಮಿಸ್‌ಗೇನು ಗೊತ್ತಾಗತ್ತೆ?"

ಅಮ್ಮ ಕೈ ಒರೆಸಿಕೊಂಡು ಮಿಸ್ ಮುಂದೆ ಹೋಗಿ ನಿಂತಳು. "ತಪ್ಪು ನಂದೇ. ಫ್ಯಾನ್ ವೈರ್ ಉಲ್ಟಾ ಜೋಡಿಸಿದ್ದೀನಿ. ತಿರುಗ್ತಿದೆ ಅಂತ ನೋಡ್ದೆ, ಯಾವ ಕಡೆಗೆ ಅಂತ ನೋಡ್ಲಿಲ್ಲ."

ಚೂಟಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಮಿಸ್ ಪೆನ್ನಿಗೆ ಕ್ಯಾಪ್ ಹಾಕಿದರು. "ಎಷ್ಟು ಹೊತ್ತು ಬೇಕು?"

"ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ ಇಂಜಿನ್ ಓಡ್ಲಿ. ಬಿಸಿ ತೋರಿಸೋ ಮೀಟರನ್ನ ನೀವೇ ನೋಡ್ತಾ ಕೂತ್ಕೊಳ್ಳಿ."

ಅರ್ಧ ಗಂಟೆಯಾದರೂ ಮೀಟರಿನ ಮುಳ್ಳು ನಡುವೆಯೇ ನಿಂತಿತ್ತು. ಹೊರಡುವಾಗ ಮಿಸ್ ಕಿಟಕಿ ಇಳಿಸಿದರು. "ಬ್ರೇಕೂ ಸ್ವಲ್ಪ ಕಿರ್ ಅನ್ನತ್ತೆ. ಭಾನುವಾರ ತರ್ತೀನಿ, ನೋಡಿ."

ಮರುದಿನ ಗುಂಡ ಬೆಂಚಿನಿಂದ ಬಗ್ಗಿದ. "ಏನಾಗಿತ್ತಂತೆ ಕಾರಿಗೆ?"

"ನಮ್ಮಮ್ಮ ವೈರ್ ಉಲ್ಟಾ ಹಾಕಿದ್ಲು," ಎಂದಳು ಚೂಟಿ, ಎಲ್ಲರಿಗೂ ಕೇಳುವ ಹಾಗೆ. "ಆಮೇಲೆ ಅವಳೇ ಸರಿ ಮಾಡಿದ್ಲು."

ಅವನು ಇನ್ನೇನಾದರೂ ಅಂದಾನು ಎಂದು ಕಾದಳು. ಗುಂಡ ಹಿಂದಕ್ಕೆ ಸರಿದು ಗಣಿತದ ಪುಸ್ತಕ ತೆರೆದ.