ತಿರುಗಿಸಿದ ಬಾಣ

ನನ್ನ ನಕ್ಷೆಯ ಮೇಲೆ ಯಾರೋ ಕೈಯಾಡಿಸಿದ್ದರು. ಬಂಡೆಯೊಳಗೆ ಬಿರುಕು ಓಡುವ ದಿಕ್ಕಿಗೆ ನಾನಿಟ್ಟ ಕೆಂಪು ಬಾಣ ಉತ್ತರಕ್ಕಿತ್ತು. ಈಗ ಪೂರ್ವಕ್ಕೆ ಮಲಗಿತ್ತು. ಯಾರೋ ಏನು, ಅವನೇ. ಕೊರೆದ ಬಾವಿಗೆ ಒತ್ತಡದ ನೀರು ನುಗ್ಗಿಸಿ ಬಂಡೆ ಬಿರಿಸುವ ಅವನು ಸೈಟಿಗೆಲ್ಲ ಪಂಪಣ್ಣ. ನನಗೆ ಮಾತ್ರ ಅಣ್ಣನಲ್ಲ. ಹೋದ ವಾರ ಮದುವೆಯಾಗೋಣವೇ ಎಂದು ಕೇಳಿದ್ದ. ಸದ್ಯ, ಹೂಂ ಅಂದಿರಲಿಲ್ಲ!

ಕಂಟ್ರೋಲ್ ರೂಮಿನ ಬಾಗಿಲು ದೂಡಿದೆ. "ನನ್ನ ಬಾಣ ಯಾಕೆ ತಿರುಗಿಸಿದೆ?"

ಅವನು ನಕ್ಕ. ಮೇಲಿಂದ ಆ ಎಡಗೆನ್ನೆಯ ಗುಳಿ ಬೇರೆ.

"ಮೆಲ್ಲಗೆ ಕಣೇ. ಬಾವಿ ಗೋಡೆ ಪೂರ್ವ-ಪಶ್ಚಿಮಕ್ಕೆ ಉದುರಿದೆ, ಫೋಟೋ ನೋಡು. ಬಿರುಕೂ ಅತ್ತಲೇ ತಾನೇ? ಎಲ್ಲರೆದುರು ಮ್ಯಾನೇಜರ್ ನಿನಗೆ ಬೈತಾರೆ ಅಂತ ನಾನೇ ಸರಿಮಾಡ್ದೆ."

"ಕಾಪಾಡು ಅಂತ ನಿನ್ನ ಕಾಲು ಹಿಡಿದಿದ್ನಾ? ಕೊಡು ಕೈ!"

ಅವನ ಎರಡೂ ಅಂಗೈಗಳನ್ನು ಎದುರುಬದುರು ನಿಲ್ಲಿಸಿ ನಡುವೆ ಬೆರಳಿಟ್ಟೆ.

"ಈ ಸಂದೇ ಬಿರುಕು. ಒತ್ತಡ ಕಡಿಮೆ ಇರೋ ಕಡೆಗೆ ಬಂಡೆ ಸರಿಯುತ್ತೆ, ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಸಂದು ಓಡೋದು ಉತ್ತರಕ್ಕೆ. ಗೋಡೆ ಉದುರೋದು ಯಾವಾಗಲೂ ಅದಕ್ಕೆ ಅಡ್ಡ. ಈಗ ಹೇಳು, ಉತ್ತರಕ್ಕೇನಿದೆ?"

ಗುಳಿ ಮಾಯವಾಯಿತು. ಉತ್ತರಕ್ಕೆ ಹಳೇ ಬಾವಿಯಿತ್ತು. ತಿರುಗಿಸಿದ ಬಾಣ ನಂಬಿ, ಅದರ ಬಾಯಲ್ಲಿ ವಾಲ್ವ್ ಬದಲಿಸುತ್ತ ನಮ್ಮವರು ಕೂತಿದ್ದರು. ಬಿರುಕು ಅಲ್ಲಿಗೆ ತಲುಪಿದರೆ ನೀರೆಲ್ಲ ಅವರ ಮುಖಕ್ಕೇ. ಪಂಪು ಆಗಲೇ ಗುರುಗುಟ್ಟತೊಡಗಿತ್ತು.

ಅವನು ಮೈಕಿಗೆ ಹಾರಿದ. "ಪಂಪ್ ನಿಲ್ಸಿ! ಹಳೇ ಬಾವಿ ಹತ್ರ ಇರೋರೆಲ್ಲ ದೂರ ಹೋಗಿ. ಮೇಡಂ ಬಾಣ ಸರಿ ಇತ್ತು, ಕೆಡಿಸಿದ್ದು ನಾನು."

ಪಂಪಿನ ಸದ್ದು ನಿಂತಿತು. ಸ್ಪೀಕರಿನಲ್ಲಿ ಮ್ಯಾನೇಜರ್ ಸಿಡಿದರು. "ಯಾರನ್ನ ಕೇಳಿ ಮುಟ್ಟಿದ್ರಿ?"

"ಯಾರನ್ನೂ ಕೇಳ್ಲಿಲ್ಲ ಸಾರ್."

ಸೈಟಿನವರೆಲ್ಲ ಕೇಳುವಂತೆ ಅವರು ಬೈದರು. ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡ. ನನಗೆ ಅಯ್ಯೋ ಅನಿಸಿತು, ಆ ಅಯ್ಯೋ ಮೇಲೂ ಸಿಟ್ಟು ಬಂತು.

"ಇನ್ನೂ ಕೋಪಾನಾ?" ಎಂದ ಆಮೇಲೆ.

"ಬೆಟ್ಟದಷ್ಟು. ಅಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ರೆ ಈ ಜನ್ಮದಲ್ಲಿ ನಿನ್ನ ಮುಖ ನೋಡ್ತಿರಲಿಲ್ಲ."

"ಹಾಗಾದ್ರೆ... ಹೋದ ವಾರ ಕೇಳಿದ್ದು?"

"ಮನೇಲಿ ಒಂದು ಕುರ್ಚಿ ಸರಿಸಬೇಕಾದ್ರೂ ನನ್ನನ್ನ ಕೇಳಬೇಕು. ಗೊತ್ತಾಯ್ತಾ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ಯಾರ ಮನೇಲಿ?"

"ನಮ್ಮನೇಲಿ ಕಣೋ, ಪೆದ್ದ!"

ಅವನ ಕೈ ನನ್ನತ್ತ ಬಂದು, ಅರ್ಧದಲ್ಲೇ ನಿಂತಿತು.

"ಹಿಡ್ಕೊಳ್ಳಲಾ?" ಎಂದು ಕೇಳಿದ.

ಮುಖ ಗಂಟಿಕ್ಕಿಕೊಂಡೇ ಕೈ ಚಾಚಿದೆ.